ನೆಲನೆಲ್ಲಿ ಕುಡಿದ ನಾಲಿಗೆ

ಅಪ್ಪನ ಕಣ್ಣಿನ ಹಳದಿ ಇಳಿದು ಬೆಳ್ಳಗಾಗಿ ಎಂಟು ದಿನವಾಗಿತ್ತು, ಬೇಕರಿಯ ಬಿಸ್ಕತ್ತು ಸಪ್ಪಗಾಗಿ ಏಳು ದಿನ. ಈ ಎರಡಕ್ಕೂ ಏನಾದರೂ ನಂಟಿದೆಯೇ ಎಂದು ಚೂಟಿ ತಲೆ ಕೆರೆದುಕೊಳ್ಳುವ ಹೊತ್ತಿಗೆ, ಆಸ್ಪತ್ರೆ ಕ್ಯಾಂಟೀನಿನ ಮ್ಯಾನೇಜರು ರುಚಿ ನೋಡಲು ಬರುವುದಕ್ಕೆ ಒಂದೇ ದಿನ ಉಳಿದಿತ್ತು.

ಚೂಟಿ ಬೇಕರಿಯವನ ಒಬ್ಬಳೇ ಮಗಳು. ಇಪ್ಪತ್ನಾಲ್ಕು ವರ್ಷ. ಬೇರೆ ಹೆಸರೊಂದಿತ್ತು, ಅದು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಅಪ್ಪ ಕಾಮಾಲೆಯಾಗಿ ಮಲಗಿದ ಐದು ವಾರ ಬೇಕರಿ ನಡೆಸಿದವಳು ಅವಳೇ. ಹತ್ತು ಕಿಲೋ ಮೈದಾ ಹಿಟ್ಟಿಗೆ ನಾಲ್ಕು ಕಿಲೋ ಸಕ್ಕರೆ ಹಾಕಿ ಕಲಸಿದಳು, ಓವನ್ನಿನ ಮುಂದೆ ನಿಂತು ಮುಂಗೈ ಕೂದಲು ಸುಟ್ಟುಕೊಂಡಳು, ಒಂದು ದಿನ ಮೂರು ಟ್ರೇ ಕರಕಲು ಮಾಡಿದಳು. ಅದೊಂದು ಬಿಟ್ಟರೆ ಗಿರಾಕಿಗಳ್ಯಾರೂ ದೂರಿರಲಿಲ್ಲ. ಆಸ್ಪತ್ರೆಯ ಆರ್ಡರನ್ನು ಹಿಡಿದು ತಂದವಳೂ ಅವಳೇ. ದಿನಕ್ಕೆ ಆರುನೂರು ಬಿಸ್ಕತ್ತು, ವರ್ಷವಿಡೀ. ಒಂದು ಸಲ ಓವನ್ನಿನಿಂದ ತೆಗೆದ ಬಿಸಿಯಲ್ಲೇ ತಿಂದು ನೋಡಿ ಆಮೇಲೆ ಪಕ್ಕಾ ಮಾಡುತ್ತೇನೆಂದು ಮ್ಯಾನೇಜರು ಹೇಳಿದ್ದರು. ಅದು ಪಕ್ಕಾ ಆದರೆ ಎರಡನೆಯ ಓವನ್ ಹಾಕಿಸಿ ಅವಳ ಕೈಗೆ ಕೊಡುವುದಾಗಿ ಅಪ್ಪ ಹಾಸಿಗೆಯಲ್ಲಿದ್ದಾಗ ಮಾತು ಕೊಟ್ಟಿದ್ದ. ಆಗದಿದ್ದರೆ ಮತ್ತೆ ಮುಂದಿನ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟುವುದೇ ಗತಿ.

ಆದರೆ ಅಪ್ಪ ಎದ್ದು ಬಂದ ಮೊದಲ ದಿನವೇ ಕಲಸಿದ ಹಿಟ್ಟಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಮುಖ ಕಿವುಚಿದ.

"ಏನೇ ಇದು? ಮೂಟೇನೇ ಸುರಿದಿದ್ದೀಯಾ? ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಹಾಗಿದೆ."

"ನಾಲ್ಕೇ ಕಿಲೋ ಅಪ್ಪ. ನೀನು ಹೇಳಿದ ಅಳತೆ."

"ನಾನು ಹೇಳಿದ್ದು ನನಗೆ ಗೊತ್ತಿಲ್ವಾ? ನಾಳೆಯಿಂದ ಮೂರೂವರೆ."

ಮಾರನೆಯ ದಿನ ಮೂರೂವರೆಯೂ ಹೆಚ್ಚೆನಿಸಿತು. ಅದಾದ ಮೇಲೆ ಮೂರು. ಏಳನೆಯ ದಿನ ಎರಡೂವರೆಗೆ ಬಂದು ನಿಂತಿತು. ಅಪ್ಪ ಮಾತ್ರ ಬಲು ಖುಷಿಯಾಗಿದ್ದ. ಗಿರಾಕಿಗಳ ಮುಖ ನೋಡುತ್ತಿದ್ದವಳು ಚೂಟಿ. ಮೂಲೆ ಅಂಗಡಿಯ ಟೈಲರ್ ಕಚ್ಚಿದ ಬಿಸ್ಕತ್ತನ್ನು ತಂದು ಗಲ್ಲಾದ ಮೇಲಿಟ್ಟ. "ಏನಮ್ಮಾ, ಡಾಕ್ಟರು ನಿಮ್ಮಪ್ಪನಿಗೆ ಪಥ್ಯ ಹೇಳಿದ್ರೆ ಬೀದಿಯವರೆಲ್ಲ ಮಾಡ್ಬೇಕಾ?" ಎಂದು ಕೇಳಿದ.

ಆ ಮನೆಯಲ್ಲಿ ಇನ್ನೊಂದು ಸರ್ಕಾರವಿತ್ತು. ಅದು ಅಪ್ಪನ ಅಮ್ಮ, ಅಂದರೆ ಅಜ್ಜಿ. ಬೇಕರಿಯ ಹಿಂದೆ ಟ್ರೇ ತೊಳೆಯುವ ಅಂಗಳ. ಅಲ್ಲಿನ ಕಲ್ಲುಚಪ್ಪಡಿಗಳ ಸಂದಿಯಲ್ಲಿ ಯಾರೂ ನೆಡದೆ ನೆಲನೆಲ್ಲಿ ಎದ್ದಿತ್ತು. ಒಂದು ಗೇಣುದ್ದದ ಗಿಡ, ಹುಣಸೆ ಎಲೆಯಂಥ ಚಿಕ್ಕ ಎಲೆ, ಎಲೆಕಡ್ಡಿಯ ಕೆಳಗೆ ಸಾಸಿವೆಯಷ್ಟು ದಪ್ಪದ ಕಾಯಿಗಳ ಸಾಲು. ಅಜ್ಜಿ ಒಂದೊಂದು ಕಡ್ಡಿಯನ್ನೂ ಮಗುಚಿ ನೋಡಿಯೇ ಕೀಳುತ್ತಿದ್ದಳು. "ಬೆನ್ನ ಹಿಂದೆ ಕಾಯಿ ಇಲ್ಲದ್ದು ನೆಲನೆಲ್ಲಿ ಅಲ್ಲ, ಬರೀ ಕಳೆ" ಎನ್ನುವುದು ಅವಳ ಪಾಠ. ಅರೆದು, ಕುದಿಸಿ, ಅರ್ಧಕ್ಕೆ ಇಳಿಸಿದ ಕಷಾಯವನ್ನು ದಿನಾ ಬೆಳಿಗ್ಗೆ ಐದೂವರೆಗೆ ಮಗನ ಕೈಗೆ ಕೊಡುವಳು. ಆಮೇಲೆ ಒಂದು ಗಂಟೆ ನೀರು ಮುಟ್ಟಕೂಡದು, ಬಾಯಿ ಮುಕ್ಕಳಿಸಕೂಡದು.

"ಕಹಿ ನಾಲಿಗೆ ಮೇಲೇ ಕೂತಿರ್ಬೇಕು ಕಣೋ. ಅದು ಇಳಿದ್ರೆ ಮದ್ದೂ ಇಳೀತು."

ಡಾಕ್ಟರು ಬೇರೆ ಮಾತು ಹೇಳಿದ್ದರು. ಕೊನೆಯ ರಕ್ತ ಪರೀಕ್ಷೆಯ ವರದಿ ನೋಡಿ, "ಲಿವರ್ ತಾನಾಗೇ ಸುಧಾರಿಸಿಕೊಂಡಿದೆ. ರೆಸ್ಟ್ ತಗೊಂಡಿದ್ದು ಒಳ್ಳೇದಾಯ್ತು" ಎಂದರು. ಜೊತೆಯಲ್ಲಿ ಹೋಗಿದ್ದ ಅಜ್ಜಿಗೆ ಮೈ ಉರಿಯಿತು.

"ತಾನಾಗೇ ಅಂತೆ! ಹಾಗಾದ್ರೆ ನನ್ನ ಎಲೆ ಏನು ಕಡ್ಲೆಕಾಯಿ ತಿಂತಾ ಕೂತಿತ್ತಾ?"

ಡಾಕ್ಟರು ನಕ್ಕರು. "ನೆಲನೆಲ್ಲಿ ಕುಡಿದವರೂ ವಾಸಿಯಾಗೋದನ್ನ ನೋಡಿದ್ದೀನಿ ಅಜ್ಜಿ, ಕುಡೀದೆ ಇರೋರೂ ವಾಸಿಯಾಗೋದನ್ನ ನೋಡಿದ್ದೀನಿ. ಏನೇ ಕೊಡಿ, ನನಗೆ ಹೇಳಿ ಆಮೇಲೆ ಕೊಡಿ. ಇನ್ನೂ ಹತ್ತು ಬೇರು, ಹತ್ತು ಪುಡಿ ಸೇರಿಸ್ಬೇಡಿ. ಇನ್ನೊಂದು ತಿಂಗಳು ಎಣ್ಣೆ, ಬೆಣ್ಣೆ ಬೇಡ."

ಹೀಗಾಗಿ ಅಪ್ಪ ಬೆಳಗಿನ ಆ ಒಂದು ಚಿಟಿಕೆ ಹಿಟ್ಟು ಬಿಟ್ಟರೆ ದಿನವಿಡೀ ಬಿಸ್ಕತ್ತಿನ ಹತ್ತಿರ ಸುಳಿಯುತ್ತಿರಲಿಲ್ಲ. ಚಿಟಿಕೆ ಹಿಟ್ಟು ನೋಡುತ್ತಿದ್ದದ್ದು ಸರಿಯಾಗಿ ಐದು ಮುಕ್ಕಾಲಿಗೆ.

ಮ್ಯಾನೇಜರು ಬರುವ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಚೂಟಿಯನ್ನೂ ಅಂಗಳದಲ್ಲಿ ಹಿಡಿದು ನಿಲ್ಲಿಸಿದಳು.

"ಇಲ್ಲಿ ಬಾ. ನಿನ್ನ ಕಣ್ಣೂ ಯಾಕೋ ಹಳದಿ ಕಾಣ್ತಿದೆ."

"ಅದು ಬಲ್ಬು ಅಜ್ಜಿ."

"ಬಲ್ಬಿಗೆ ಕಾಮಾಲೆ ಬರಲ್ಲ. ಕುಡಿ."

ಅಜ್ಜಿಯ ಜೊತೆ ವಾದಿಸುವುದಕ್ಕಿಂತ ಕಷಾಯ ಕುಡಿಯುವುದು ಸುಲಭ. ಚೂಟಿ ಮೂಗು ಮುಚ್ಚಿ ಅರ್ಧ ಲೋಟ ಇಳಿಸಿದಳು. ಕಿವಿಯ ತುದಿಯವರೆಗೂ ಕಹಿ ಹತ್ತಿತು. ಒಳಗೆ ಓಡಿ ಬಾಯಿ ಸರಿಮಾಡಿಕೊಳ್ಳಲು ಡಬ್ಬಿಯಲ್ಲಿದ್ದ ತನ್ನ ಹಳೆಯ ನಾಲ್ಕು ಕಿಲೋ ಅಳತೆಯ ಬಿಸ್ಕತ್ತು ಕಚ್ಚಿದಳು. ಗಂಟಲು ಕಟ್ಟುವಷ್ಟು ಸಿಹಿ! ಅನುಮಾನ ಬಂದು ಅಪ್ಪನ ಎರಡೂವರೆಯದನ್ನು ಕಚ್ಚಿದಳು. ಹದವಾಗಿತ್ತು. ಎಷ್ಟು ಹದವೆಂದರೆ ಅವಳಿಗೆ ಹೆದರಿಕೆಯಾಯಿತು. ನಲ್ಲಿಯ ಹತ್ತಿರ ಹೋಗಿ ನಾಲ್ಕು ಸಲ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕಚ್ಚಿದಳು. ಈಗ ರಟ್ಟು ಅಗಿದ ಹಾಗಿತ್ತು.

"ಅಪ್ಪಾ!" ಎಂದು ಕೂಗುತ್ತಲೇ ಹೋದಳು. "ತಪ್ಪು ಸಕ್ಕರೇದಲ್ಲ, ಕಷಾಯದ್ದು. ಅದು ಬಾಯಲ್ಲಿದ್ರೆ ಎಲ್ಲಾ ಎರಡರಷ್ಟು ಸಿಹಿ."

ಅಪ್ಪ ಕೈಯಲ್ಲಿದ್ದ ಲಟ್ಟಣಿಗೆ ನಿಲ್ಲಿಸಲಿಲ್ಲ. "ಮೂವತ್ತು ವರ್ಷ ಸರ್ವೀಸ್ ಆದ ನಾಲಿಗೆ ಇದು. ಕಾಮಾಲೆ ಬಂದಿದ್ದು ಲಿವರಿಗೆ, ನಾಲಿಗೆಗಲ್ಲ."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ನೀನೇ ಹೇಳ್ತಿರ್ತೀಯ. ಒಂದ್ಸಲ ಬಾಯಿ ತೊಳ್ಕೊಂಡು ನೋಡು, ಅಷ್ಟೇ."

"ಮಲಗಿದವನನ್ನ ಎಬ್ಬಿಸಿದ ಮದ್ದು. ನಿನ್ನ ಬಿಸ್ಕತ್ತಿಗೋಸ್ಕರ ಪಥ್ಯ ಮುರೀಲಾ?"

ಅಂಗಳದಿಂದ ಅಜ್ಜಿಯ ದನಿ ಬಂತು. "ಹಿತ್ತಲ ಗಿಡ ಮದ್ದಲ್ಲ ಅನ್ನೋರ ಮನೇಲೇ ನಾನು ಬಾಳ್ವೆ ಮಾಡ್ಬೇಕು ನೋಡು!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರು, ಚೂಟಿ ಒಬ್ಬಳು. ಅಳಲು ಅವಳಿಗೆ ಬರುತ್ತಿರಲಿಲ್ಲ, ಪುರುಸೊತ್ತೂ ಇರಲಿಲ್ಲ. ಅವಳು ಒಂದು ರಾಜಿ ಮುಂದಿಟ್ಟಳು. ನಾಳೆ ಎರಡು ಟ್ರೇ ಬೇಯಿಸುವುದು, ನಾಲ್ಕು ಕಿಲೋ ಲೆಕ್ಕದ್ದೊಂದು, ಎರಡೂವರೆಯದೊಂದು. ಯಾವುದೆಂದು ಮ್ಯಾನೇಜರೇ ಹೇಳಲಿ.

"ಆಗಲಿ" ಎಂದ ಅಪ್ಪ. "ಅವರು ನನ್ನ ಟ್ರೇ ಹಿಡಿದ್ರೆ ಇನ್ನು ಸಕ್ಕರೆ ಮಾತು ಎತ್ತಕೂಡದು. ಓವನ್ ಮಾತೂನೂ."

ಮಾರನೆಯ ಬೆಳಿಗ್ಗೆ ಮ್ಯಾನೇಜರು ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಬಂದರು. ಸಣ್ಣ ಆಳು, ದೊಡ್ಡ ಚೀಲ. ಮುಂದಿನ ಶಟರ್ ಇನ್ನೂ ಎತ್ತಿರಲಿಲ್ಲವಾದ್ದರಿಂದ ಪಕ್ಕದ ಓಣಿಯಲ್ಲಿ ಹಾದು ನೇರ ಹಿಂದಿನ ಅಂಗಳಕ್ಕೇ ಹೋದರು. ಅಂಗಳದಲ್ಲಿ ಯಾರಿರುತ್ತಾರೆಂದು ಹೇಳಬೇಕಾಗಿಲ್ಲ.

ಚೂಟಿ ಆಗ ಓವನ್ನಿನಿಂದ ಎರಡನೆಯ ಟ್ರೇ ಎಳೆಯುತ್ತಿದ್ದಳು. ಹಿಂಬಾಗಿಲಿನಿಂದ ಅಜ್ಜಿಯ ಮಾತು ತೇಲಿ ಬಂತು. "...ಊಟ ಸರಿಯಾಗಿ ಸೇರ್ತಿಲ್ಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ ಕಣಪ್ಪ. ಕುಡಿದುಬಿಡು, ಒಂದೇ ಗುಟುಕಿಗೆ. ಹಾಂ, ಜಾಣ!"

ಚೂಟಿ ಟ್ರೇ ಅಲ್ಲೇ ಬಿಟ್ಟು ಓಡಿದಳು. ತಡವಾಗಿತ್ತು. ಮ್ಯಾನೇಜರು ಒಂದು ಕೈಯಲ್ಲಿ ಖಾಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಚೀಲ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದರು, ಹಲ್ಲು ಕೀಳಿಸಿಕೊಂಡವರ ಹಾಗೆ.

"ನೀರು..." ಎಂದರು.

"ಒಂದು ಗಂಟೆ ನೀರಿಲ್ಲ" ಎಂದಳು ಅಜ್ಜಿ.

"ಸರ್, ಒಂದು ಗಂಟೆ ಕೂತ್ಕೊಳ್ಳಿ, ಆಮೇಲೆ ರುಚಿ ನೋಡೋಣ" ಎಂದಳು ಚೂಟಿ.

"ಅಯ್ಯೋ, ಏಳೂವರೆಗೆ ನಮ್ಮಲ್ಲಿ ತಿಂಡಿ ಶುರು. ಬೇಗ ಕೊಡಿಮ್ಮಾ, ಈ ಬಾಯಿಗೆ ಏನಾದ್ರೂ ಬಿದ್ರೆ ಸಾಕಾಗಿದೆ."

ಅಪ್ಪ ಆಗಲೇ ಎರಡು ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಿದ್ದ. ಅವನ ಬಾಯಲ್ಲೂ ಕಷಾಯ ಹಸಿಯಾಗಿತ್ತು, ಮುಖದಲ್ಲಿ ನಗು. ಚೂಟಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಈಗ ಬಾಯಿ ಬಿಟ್ಟರೆ ನೆಪ ಹುಡುಕಿದಳು ಎನ್ನುತ್ತಾರೆ. ಬಿಡದಿದ್ದರೆ ಸಪ್ಪೆ ಬಿಸ್ಕತ್ತು ಆಸ್ಪತ್ರೆಗೆ ಹೋಗುತ್ತದೆ, ಮೂರನೆಯ ದಿನ ಚೀಲ ಸಮೇತ ಹಿಂದಕ್ಕೆ ಬರುತ್ತದೆ.

ಮ್ಯಾನೇಜರು ಅವಳ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ ಕಚ್ಚಿದರು. ಹುಬ್ಬು ಮೇಲೇರಿತು.

"ಏನಿದು? ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಹಾಗಿದೆ!"

ಅಪ್ಪನ ನಗು ಅರ್ಧಕ್ಕೇ ನಿಂತಿತು.

ಅವನು ಮ್ಯಾನೇಜರ ಮುಖ ನೋಡಿದ. ಕೈಯಲ್ಲಿದ್ದ ಖಾಲಿ ಲೋಟ ನೋಡಿದ, ಅದರ ತಳದಲ್ಲಿ ಅಂಟಿದ್ದ ಹಸಿರು ಗಸಿ ನೋಡಿದ. ಆಮೇಲೆ ತನ್ನ ತುಟಿಯನ್ನು ತಾನೇ ಒಮ್ಮೆ ನೆಕ್ಕಿದ. ಎಂಟು ದಿನದ ಹಿಂದೆ ಇದೇ ಮೇಜಿನ ಮುಂದೆ ನಿಂತು ಅವನು ಆಡಿದ ಮಾತು ಅಕ್ಷರ ಬಿಡದೆ ಇನ್ನೊಬ್ಬರ ಬಾಯಿಂದ ಹೊರಬಿದ್ದಿತ್ತು. ಯಾರೂ ಹೇಳಿಕೊಟ್ಟದ್ದಲ್ಲ.

"ಸರ್, ಆ ಇನ್ನೊಂದನ್ನ ಮುಟ್ಬೇಡಿ" ಎಂದ ಅಪ್ಪ. "ಮೊದಲು ಇದು."

ಬಿಂದಿಗೆಯಿಂದ ಎರಡು ಲೋಟ ನೀರು ಬಗ್ಗಿಸಿ ಒಂದನ್ನು ಮ್ಯಾನೇಜರಿಗೆ ಕೊಟ್ಟ. ಇನ್ನೊಂದನ್ನು ತಾನೇ ಬಾಯಿಗೆ ಹಾಕಿಕೊಂಡು, ಹೆತ್ತ ತಾಯಿಯ ಕಣ್ಣೆದುರಿಗೇ, ಗಳಗಳನೆ ಮುಕ್ಕಳಿಸಿ ಉಗಿದ. ಮೂರು ಸಲ.

"ಲೋ! ಇನ್ನೂ ಗಂಟೆ ಆಗಿಲ್ವಲ್ಲೋ!" ಎಂದು ಅಜ್ಜಿ ಬಾಗಿಲಲ್ಲಿ ಬಡಬಡಿಸಿದಳು.

ಅಪ್ಪ ಕೇಳಿಸಿಕೊಳ್ಳಲಿಲ್ಲ. ಎರಡು ತಟ್ಟೆಯಿಂದಲೂ ಉಗುರಿನಷ್ಟು ಮುರಿದು ಬಾಯಿಗಿಟ್ಟ. ಮಗಳದ್ದನ್ನು ಅಗಿಯುವಾಗ ಕಣ್ಣು ಮುಚ್ಚಿದ. ತನ್ನದನ್ನು ಅಗಿಯುವಾಗ ಕಣ್ಣು ಬಿಟ್ಟ.

"ಥೂ! ಯಾರೇ ಮಾಡಿದ್ದು ಇದನ್ನ?"

"ನೀನೇ" ಎಂದಳು ಚೂಟಿ.

"ಏಳು ದಿನದಿಂದ ಇದನ್ನೇ ಮಾರ್ತಿದ್ವಾ?"

"ಮಾರ್ತಿರ್ಲಿಲ್ಲ, ಇಟ್ಕೊಂಡು ಕೂತಿದ್ವಿ."

ಬಾಯಿ ತಣ್ಣಗಾದ ಮ್ಯಾನೇಜರು ಅವಳ ತಟ್ಟೆಯಿಂದ ಇನ್ನೊಂದು ತಿಂದರು. ಮತ್ತೊಂದು ತಿಂದರು. ನಾಲ್ಕನೆಯದಕ್ಕೆ ಕೈ ಹಾಕುತ್ತಾ, "ಸೋಮವಾರದಿಂದ ಕಳಿಸಿ. ಆದ್ರೆ ನನ್ನ ರೋಗಿಗಳಿಗೆ ಬಿಸ್ಕತ್ತು ಮಾತ್ರ ಸಾಕು, ಲೋಟ ಬೇಡ" ಎಂದರು. ಅಜ್ಜಿ ಮುಖ ತಿರುಗಿಸಿದಳು.

ಹೊರಡುವಾಗ ಮಾತ್ರ ಅವರು ಅಜ್ಜಿಯ ಹತ್ತಿರ ತಡೆದು ದನಿ ತಗ್ಗಿಸಿದರು. "ಅಜ್ಜಿ, ನನ್ನ ಭಾವಮೈದುನನ ಕಣ್ಣು ನಾಲ್ಕು ದಿನದಿಂದ ಹಳದಿ ಇದೆ. ಒಂದ್ಹಿಡಿ ಎಲೆ ಕೊಡ್ತೀರಾ?"

ಅಜ್ಜಿ ಸೆರಗು ಕೊಡವಿಕೊಂಡು ನೆಟ್ಟಗೆ ಕೂತಳು. "ನಾಲ್ಕು ದಿನದಿಂದ ಹಳದಿ ಇದ್ರೂ ಸುಮ್ನೆ ಕೂತಿದ್ದಾನಾ? ನಿಮ್ಮದೇ ಆಸ್ಪತ್ರೆ ಅಲ್ವೇನಪ್ಪಾ? ಮೊದ್ಲು ರಕ್ತ ಪರೀಕ್ಷೆ ಮಾಡಿಸು, ಡಾಕ್ಟರಿಗೆ ತೋರ್ಸು. ಅವ್ರು ಆಗಬಹುದು ಅಂದ್ರೆ ನನ್ನ ಹತ್ರ ಬಾ."

ಚೂಟಿ ಅಪ್ಪನ ಕಡೆ ನೋಡಿದಳು. ಡಾಕ್ಟರ ಮಾತು ಅಜ್ಜಿಯ ಕಿವಿಗೆ ಬಿದ್ದಿತ್ತು ಎಂದು ಇಬ್ಬರಿಗೂ ಗೊತ್ತಾದದ್ದು ಅಂದೇ.

ಮಾರನೆಯ ದಿನ ಕಷಾಯ ಐದೂವರೆಗೆ ಬರಲಿಲ್ಲ. ಹಿಟ್ಟಿನ ರುಚಿ ನೋಡಿ ಮುಗಿದ ಮೇಲೆ, ಆರೂಕಾಲಿಗೆ ಬಂತು. "ಹೊಟ್ಟೆಗೆ ಸ್ವಲ್ಪ ಬಿದ್ದ ಮೇಲೇ ಇದು ಹಿಡಿಯೋದು. ಮೊದ್ಲಿಂದಲೂ ಹೇಳ್ತಿದ್ದೀನಿ, ಯಾರು ಕೇಳ್ತೀರಾ?" ಎಂದಳು ಅಜ್ಜಿ. ಉಳಿದಿದ್ದ ಸಪ್ಪೆ ಟ್ರೇಯನ್ನು ಟೈಲರಿಗೆ ಪುಕ್ಕಟೆ ಕಳಿಸಿದರು. ಟೀಯಲ್ಲಿ ಅದ್ದಿದರೆ ಪರವಾಗಿಲ್ಲ ಎಂದು ಅವನು ಹೇಳಿ ಕಳಿಸಿದ. ಪುಕ್ಕಟೆ ಸಿಕ್ಕಿದ್ದಕ್ಕೆ ಅಷ್ಟಾದರೂ ಹೇಳಬೇಕಲ್ಲ.

ಮಧ್ಯಾಹ್ನ ಅಪ್ಪ ಟೇಪು ಹಿಡಿದು ಅಂಗಳಕ್ಕಿಳಿದ. ಚೂಟಿ ಹಿಂದೆಯೇ ಮೈದಾ ಹಿಟ್ಟಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಾ ಬಂದಳು, ಎರಡನೆಯ ಓವನ್ ಎಲ್ಲಿ ಕೂರಬೇಕೆಂದು. ಗೆರೆ ಗೋಡೆಯ ಮೂಲೆ ತಿರುಗಿ ಚಪ್ಪಡಿಗಳ ಕಡೆಗೆ ಹೊರಳಿತು.

"ಏಯ್ ಚೂಟಿ" ಎಂದಳು ಬಾಗಿಲಲ್ಲಿ ಕೂತ ಅಜ್ಜಿ. "ಓವನ್ ಬೇಕಾದ್ರೆ ನನ್ನ ತಲೆ ಮೇಲೆ ಇಡು. ನನ್ನ ನೆಲನೆಲ್ಲಿ ಮೇಲೆ ಇಟ್ಯೋ, ನೋಡು ಮತ್ತೆ."

ಚೂಟಿ ಕಾಲಿನಿಂದ ಗೆರೆ ಅಳಿಸಿ, ಒಂದು ಗೇಣು ಈಚೆಗೆ ಹೊಸದು ಎಳೆದಳು.