ಸುಮ್ನೆ ಕೂರೋ ಮೇಡಂ

ನನ್ನ ಮಗಳು ಹುಟ್ಟಿದ ಹೊಸತರಲ್ಲಿ ನನಗೆ ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತಲೇ ಇರಲಿಲ್ಲ. ಈಗ ಧೈರ್ಯವಾಗಿ ಹೇಳುತ್ತೇನೆ. ಇಪ್ಪತ್ತೊಂದು ವರ್ಷದ ಹಿಂದೆ ಬಾಯಿ ಬಿಟ್ಟಿರಲಿಲ್ಲ.

ಮಗು ಅತ್ತರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಿದ್ದೆಯಿಲ್ಲ, ಊಟ ಸೇರದು. ನಾನು ಹೊಲಿಗೆಯವಳು. ಒಂದು ದಿನ ಒಂದೇ ಅಂಗಿಗೆ ಎರಡು ಎಡತೋಳು ಹಚ್ಚಿ, ಅದನ್ನೇ ನೋಡುತ್ತ ಮಧ್ಯಾಹ್ನವೆಲ್ಲ ಅಳುತ್ತ ಕುಳಿತಿದ್ದೆ.

“ನಾನೂ ಐದು ಹೆತ್ತೋಳೇ. ಇಂಥ ನಾಟಕ ಆಡೋಕೆ ನನಗೆ ಪುರುಸೊತ್ತೇ ಇರ್ಲಿಲ್ಲ,” ಅಂದರು ಅತ್ತೆ.

ಮಗುವಿಗೆ ಲಸಿಕೆ ಹಾಕಿಸಲು ಅತ್ತೆಯ ಜೊತೆ ಆಸ್ಪತ್ರೆಗೆ ಹೋದಾಗ ನರ್ಸಮ್ಮ ನನ್ನ ಮುಖ ನೋಡಿದರು.

“ಎಷ್ಟು ದಿನದಿಂದ ಹೀಗಿದ್ದೀಯಮ್ಮ?”

“ಹೆತ್ತಾಗಿನಿಂದ. ಒಂದೂವರೆ ತಿಂಗಳಾಯ್ತು.”

ಅವರು ಔಷಧಿ ಕೋಣೆಯ ಪಕ್ಕದ ಬಾಗಿಲು ತೋರಿಸಿದರು. ಅಲ್ಲಿದ್ದವರು ಆಪ್ತಸಮಾಲೋಚಕಿ. ಸೂಜಿಯಿಲ್ಲ, ಮಾತ್ರೆಯಿಲ್ಲ, ಮನಸ್ಸಿನ ಕಷ್ಟ ಕೇಳುವುದೇ ಕೆಲಸ. ಅದಕ್ಕೇ ಆಸ್ಪತ್ರೆಯವರು ಅವರಿಗೆ ‘ಸುಮ್ನೆ ಕೂರೋ ಮೇಡಂ’ ಎಂದು ಹೆಸರಿಟ್ಟಿದ್ದರು.

ಅತ್ತೆ ನನ್ನ ಕೈ ಹಿಡಿದು ಎಳೆದರು. “ನಡಿ ಮನೆಗೆ. ಆ ರೂಮಿಗೆ ಹೋದ್ರೆ ಹುಚ್ಚಿ ಅಂತಾರೆ. ನಮ್ಮನೆ ಮಾನ ಏನಾಗ್ಬೇಕು?”

ದನಿ ಕೇಳಿ ಮೇಡಂ ಹೊರಗೆ ಬಂದರು. ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ ಪಕ್ಕದಲ್ಲೇ ತಾವೂ ಕುಳಿತರು.

“ಕಾಲು ಮುರಿದ್ರೆ ಆಸ್ಪತ್ರೆಗೆ ಬರ್ತೀವಲ್ಲಮ್ಮ? ಕುಂಟಿ ಅಂತಾರೆ ಅಂತ ಮನೇಲಿ ಕೂರ್ತೀವಾ?”

“ಕಾಲು ಮುರಿದ್ರೆ ಕಾಣುತ್ತೆ. ಇವಳಿಗೇನು ಮುರಿದಿದೆ? ನಾನು ಐದು ಹೆತ್ತಿಲ್ವಾ?”

“ಹೆತ್ರಲ್ಲ, ಆಗ ನಿಮ್ಮ ಹತ್ರ ಯಾರು ಕೂತಿದ್ರು?”

ಅತ್ತೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಯಾರೂ ಇಲ್ಲ,” ಅಂದರು ಕೊನೆಗೆ. “ಮೂರನೇದು ಹುಟ್ಟಿದಾಗ ಬದುಕೇ ಬೇಡ ಅನ್ನಿಸಿತ್ತು. ಒಲೆ ಮುಂದೆ ಕೂತು, ಹೊಗೆ ಅಂತ ಹೇಳ್ಕೊಂಡು ಅಳ್ತಿದ್ದೆ.”

ಆಮೇಲೆ ನನ್ನ ತೋಳಿನಿಂದ ಮಗುವನ್ನು ತೆಗೆದುಕೊಂಡು, “ಹೋಗು ಒಳಗೆ,” ಅಂದರು.

ವಾರಕ್ಕೊಮ್ಮೆ ಹೋದೆ. ಮೇಡಂ ಡಾಕ್ಟರಿಗೂ ತೋರಿಸಿದರು. ಎಂಟು ತಿಂಗಳು ಮಾತ್ರೆ ನುಂಗಿದೆ. ನನ್ನವರು ಮಗುವಿಗೆ ಸ್ನಾನ ಮಾಡಿಸುವುದು ಕಲಿತರು. ಒಂದು ಬೆಳಿಗ್ಗೆ ಮಗಳು ನಕ್ಕಳು. ಯಾರೂ ಹೇಳದೆಯೇ ನಾನು ಅವಳನ್ನು ಎತ್ತಿಕೊಂಡಿದ್ದೆ.

ನಾನು ಒಳಗಿದ್ದಾಗ ಅತ್ತೆ ಹೊರಗಿನ ಬೆಂಚಿನಲ್ಲಿ ಬಸುರಿ, ಬಾಣಂತಿಯರ ಕಷ್ಟಸುಖ ಕೇಳುತ್ತಿದ್ದರು. “ನನ್ನ ರೂಮಿಗಿಂತ ನಿಮ್ಮ ಬೆಂಚಲ್ಲೇ ಜನ ಜಾಸ್ತಿ,” ಎಂದು ಮೇಡಂ ನಕ್ಕರು. ನಕ್ಕು ಬಿಡಲಿಲ್ಲ, ಕಲಿಸಿದರು: ಬೈಯಬೇಡಿ, ಕೇಳಿದ್ದನ್ನು ಹೊರಗೆ ಆಡಬೇಡಿ, ನಮ್ಮ ಕೈ ಮೀರಿದ್ದನ್ನು ಡಾಕ್ಟರಿಗೆ ಬಿಡಿ. ವರ್ಷದೊಳಗೆ ಹಾಗೆ ಕಲಿತವರು ಏಳು ಜನರಾದೆವು.

ಅಷ್ಟರಲ್ಲಿ ಮೇಡಂ ಹುದ್ದೆಯೇ ರದ್ದಾಯಿತು. ಪುಸ್ತಕ ಕಟ್ಟಿಡುತ್ತಿದ್ದವರ ಮುಂದೆ ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿ ನಿಂತರು.

“ನೀವೇ ಒಂದು ಸಂಸ್ಥೆ ಕಟ್ಟಿ.”

“ನನಗೆ ಕೇಳೋದು ಗೊತ್ತಮ್ಮ. ಯಜಮಾನಿಕೆ ಗೊತ್ತಿಲ್ಲ.”

“ನಾಲ್ಕು ಸೊಸೆಯರನ್ನ ಆಳಿದೋಳು ನಾನಿದ್ದೀನಿ. ಹೇಗೆ ಆಳ್ಬೇಕು ಅಂತ ನನ್ನ ಕೇಳಿ. ಹೇಗೆ ಆಳ್ಬಾರ್ದು ಅಂತ ಇವಳನ್ನ ಕೇಳಿ!”

ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ನನ್ನ ಅಂಗಡಿಯಲ್ಲೇ ಸಂಸ್ಥೆ ಶುರುವಾಯಿತು. ಮೊದಮೊದಲು ಒಂದು ಸಹಿ ಹಾಕುವ ಮೊದಲೂ ಮೇಡಂ ಕಾಗದವನ್ನು ನಾಲ್ಕು ಸಲ ಓದುತ್ತಿದ್ದರು. ಆದರೆ ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿ ಆಮೇಲೆ ತೀರ್ಮಾನ ಹೇಳುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯರು, ಗುಣವಾದವರ ಫೋಟೋ ಪ್ರಚಾರಕ್ಕೆ ಹಾಕುವುದಾದರೆ ಕಟ್ಟಡ ಕೊಡಿಸುತ್ತೇನೆ ಅಂದರು.

“ನಮ್ಮನ್ನ ನಂಬಿ ಬಂದೋರ ಮುಖ ತೋರಿಸಿ ಗೋಡೆ ಕಟ್ಟೋದು ಬೇಡ,” ಅಂದುಬಿಟ್ಟರು ಮೇಡಂ.

ಇನ್ನೂ ಎರಡು ವರ್ಷ ಅಂಗಡಿಯೇ ಗತಿಯಾಯಿತು. ಯಂತ್ರದ ಎಣ್ಣೆ ವಾಸನೆ, ನೆಲದ ತುಂಬ ಬಟ್ಟೆ ಚೂರು, ಒಬ್ಬಳು ಅಳುವಾಗ ಇನ್ನೊಬ್ಬಳು ಅವಳ ಮಗುವನ್ನು ತಟ್ಟುವುದು. ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಇಂದು ಸಂಸ್ಥೆಗೆ ಸ್ವಂತ ಕಟ್ಟಡವಿದೆ. ಮೇಡಂ ಅದರ ಮುಖ್ಯಸ್ಥೆ. ಅರವತ್ತು ಹೆಂಗಸರು ಬಾಣಂತಿಯರ ಕಷ್ಟ ಕೇಳಲು ಮನೆ ಮನೆಗೆ ಹೋಗುತ್ತಾರೆ. ಅತ್ತೆ ತೀರಿಕೊಂಡು ನಾಲ್ಕು ವರ್ಷ. ಕಡೆಯ ತನಕ ಹೊಸಬರಿಗೆ ಅವರದೇ ಪಾಠ: “ಮೊದಲು ಬಾಯಿ ಮುಚ್ಚೋದು ಕಲೀರಿ. ನನಗೆ ಐವತ್ತೈದು ವರ್ಷ ಹಿಡೀತು.”

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಯಲ್ಲಿ ಬಾಣಂತಿಯಿದ್ದರೆ, ಮಗು ಹೇಗಿದೆ ಎಂದು ಕೇಳುವ ಮೊದಲು ‘ನೀನು ಹೇಗಿದ್ದೀಯ?’ ಎಂದು ಕೇಳಿ. ಎರಡು ವಾರ ಕಳೆದರೂ ಅಳು, ಬೇಸರ ಬಿಡದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಆ ಕ್ಷಣವೇ ಹೊರಡಿ. ಇದು ಗುಣವಾಗುವ ಕಾಯಿಲೆ. ಅದು ನಿಮಗೇ ಆಗುತ್ತಿದ್ದರೆ ಈ ಹಾಳೆಯನ್ನು ಹಿಡಿದುಕೊಂಡು ಹೋಗಿ. ಮಾತು ಹೊರಡದಿದ್ದರೆ ಹಾಳೆಯನ್ನೇ ನರ್ಸಮ್ಮನ ಕೈಗೆ ಕೊಡಿ. ಉಳಿದದ್ದು ಅವರಿಗೆ ಅರ್ಥವಾಗುತ್ತದೆ.