ಮೇಯರನಿಗೆ ಬೈಯುವ ಕೆಲಸ

ನಮ್ಮ ಗುಂಪಿನಲ್ಲಿ ಬಿಲ್ಲು ಹಿಡಿದರೆ ನಗೆಪಾಟಲಾಗುವ ಗಂಡಸು ನಾನೊಬ್ಬನೇ, ಪೋಲ್ದೊ. ಮೂವತ್ತು ವರ್ಷದಲ್ಲಿ ನಾನು ಹೊಡೆದದ್ದು ಒಂದು ಕೋಳಿ, ಅದೂ ನನ್ನ ಅತ್ತೆ ಸಾಕಿದ್ದು. ನಮ್ಮ ಗುಡಿಸಲಿನ ಬಿಲ್ಲು ಹೆಂಡತಿ ಇಸ್ಯಾಂಗಳದು. ನಮ್ಮ ಆಗ್ತಾ ಜನದ ಹೆಂಗಸರು ಬೇಟೆಗೆ ಹೋಗುವುದನ್ನು ಕಂಡು ಕೆಳನಾಡಿನ ವ್ಯಾಪಾರಿಗಳು ಬಾಯಿ ಬಿಡುತ್ತಾರೆ. ನಾನು ಹೊಟ್ಟೆ ತುಂಬ ತಿಂದು ಬಾಯಿ ಮುಚ್ಚಿಕೊಂಡಿರುತ್ತೇನೆ.

ಆದರೆ ಬೈಗುಳದಲ್ಲಿ ನನ್ನನ್ನು ಮೀರಿಸುವವರು ಈ ಹೊಳೆಯ ಉದ್ದಕ್ಕೂ ಇಲ್ಲ. ನಾಯಿಗಳ ಜೊತೆ ಗುಡ್ಡದ ಮೇಲಿನಿಂದ ಜಿಂಕೆಗೆ ಬೈಯುತ್ತ ಇಳಿಯುವವರು ಕೆಲವರು, ಕೆಳಗೆ ಉಸಿರು ಬಿಗಿಹಿಡಿದು ಕಾಯುವ ಬಿಲ್ಲುಗಾರರು ಕೆಲವರು. ಸುಮ್ಮನೆ ಹೋ ಎಂದು ಕೂಗಿದರೆ ಜಿಂಕೆಗೆ ಅವಮಾನವಾಗುವುದಿಲ್ಲ, ಅವಮಾನವಾಗದ ಜಿಂಕೆ ಓಡುವುದಿಲ್ಲ. ಅದರ ಜಾತಿ ಹಿಡಿದು, ನಾವಿಟ್ಟ ಹೆಸರಿನಲ್ಲಿ ಬೈಯಬೇಕು. ಕವಲು ಕವಲು ಕೊಂಬು ಹೊತ್ತು, ಕತ್ತು ದಪ್ಪ ಮಾಡಿಕೊಂಡು, ಅತ್ತಿತ್ತ ನೋಡದೆ ನುಗ್ಗುವವನು ಮೇಯರ್. ಕೊಂಬಿನ ಮೇಲೆ ಇನ್ನೂ ಮೆತ್ತನೆ ತೊಗಲಿರುವವನು ಪಾದ್ರಿ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಯೋಚನೆ ಮಾಡುತ್ತಾನೆ. ಒಂದೊಂದೇ ಮೊನೆಯ ಕೊಂಬಿನ ಎಳೆಯ ಗಂಡು ಸಿಪಾಯಿ. ಎತ್ತ ಓಡುತ್ತಿದ್ದೇನೆಂದು ಅವನಿಗೇ ಗೊತ್ತಿರುವುದಿಲ್ಲ. ಕೊಂಬಿಲ್ಲದ ಹೆಣ್ಣು ಮಾಸ್ತರಮ್ಮ. ಅವಳ ಹಿಂದೆ ಮರಿ ಇರುತ್ತದೆ, ಅವಳಿಗೆ ಬಾಣ ಬಿಡುವಂತಿಲ್ಲ. ಮೇಯರನಿಗೆ ಮುಳ್ಳಿರುವ ಉದ್ದನೆಯ ಬಾಣ, ಪಾದ್ರಿಗೆ ಅಗಲ ಅಲಗಿನದು, ಸಿಪಾಯಿಗೆ ಹಗುರದ್ದು.

ಎರಡು ಮಳೆಗಾಲದ ಹಿಂದೆ ಇಸ್ಯಾಂಗಳ ಕಣ್ಣು ಮಂಜಾಗತೊಡಗಿತು. ಒಂದು ದಿನ ನನ್ನ ಮೊಣಕಾಲನ್ನು ಮರದ ಬೇರು ಅಂದುಕೊಂಡು ಅದರ ಮೇಲೆ ಗೆಣಸು ಹೆಚ್ಚಲು ಹೊರಟಳು. ನಾನು ಕಿರುಚಿದೆ. ಅವಳು ಕತ್ತಿ ಕೆಳಗಿಟ್ಟು, "ಯಾರಿಗಾದ್ರೂ ಹೇಳಿದ್ಯೋ, ಇನ್ನೊಂದು ಮೊಣಕಾಲೂ ಹೋಯ್ತು ಅಂತ ತಿಳ್ಕೋ" ಅಂದಳು.

ಹೇಳಲಿಲ್ಲ. ಬದಲಿಗೆ ಬೈಗುಳವನ್ನೇ ಅವಳ ಕಣ್ಣು ಮಾಡಿದೆ. ಇಪ್ಪತ್ತು ಹೆಜ್ಜೆಯಲ್ಲಿ ಏನೋ ಅಲುಗಿದರೆ ಅವಳಿಗೆ ನೆರಳಿನಂತೆ ಕಾಣುತ್ತಿತ್ತು. ಅದು ಯಾರು, ಯಾವ ಕಡೆಯಿಂದ ಬರುತ್ತಾನೆ, ಅದನ್ನೆಲ್ಲ ನಾನು ಮೇಲಿನಿಂದ ಕೂಗುತ್ತಿದ್ದೆ. "ಮೇಯರೇ, ಹೊಳೆಗೆ ಹೋಗಿ ಮುಖ ತೊಳ್ಕೊಳ್ಳೋ" ಅಂದರೆ ಹೊಳೆಯ ಕಡೆಯಿಂದ ಬರುತ್ತಿದ್ದಾನೆ. "ಪಾದ್ರಿಗಳೇ, ಬಂಡೆ ಹತ್ರ ಯಾರಿಗೆ ಕಾಯ್ತಿದ್ದೀರಿ?" ಅಂದರೆ ಬಂಡೆಯ ಕಡೆ ನಿಂತಿದ್ದಾನೆ. ಎರಡು ವರ್ಷ ಇಡೀ ಗುಂಪು ನನ್ನ ಬೈಗುಳ ಕೇಳಿ ನಗುತ್ತ ಅವಳ ಬೇಟೆಯನ್ನು ತಿಂದಿತು.

ಹೋದ ತಿಂಗಳು ಕೆಟ್ಟಿತು. ಅವಳ ಬಾಣ ಎಲ್ಮೊನ ನಾಯಿಯ ಬಾಲದ ತುದಿಯನ್ನು ಹಾರಿಸಿತು. ಎಲ್ಮೊ ಅವಳ ತಂಗಿಯ ಮಗ, ಒಳ್ಳೆಯ ಬಿಲ್ಲುಗಾರ, ಅದಕ್ಕಿಂತ ಒಳ್ಳೆಯ ಜಗಳಗಂಟ. "ದೊಡ್ಡಮ್ಮ, ಇನ್ನೊಂದ್ಸಲ ತಪ್ಪಿದ್ರೆ ಆಲದ ಕೆಳಗಿನ ಜಾಗ ನಂದು" ಅಂದ. ಯಾರೂ ಅಲ್ಲವೆನ್ನಲಿಲ್ಲ. ಗುರಿ ತಪ್ಪದವರು ಕೂರುವ ಮೊದಲ ಜಾಗ ಅದು. ಅವಳಮ್ಮ ಅಲ್ಲೇ ಕೂತಿದ್ದಳು, ಆಮೇಲೆ ಇವಳು. ಆ ಜಾಗ ಹೋದರೆ ಇಸ್ಯಾಂಗ್ ಏನಾಗುತ್ತಾಳೋ ಎಂದು ನೆನೆದು ಎರಡು ದಿನ ನನಗೆ ಗೆಣಸು ಇಳಿಯಲಿಲ್ಲ.

ಮುಂದಿನ ಬೇಟೆಯ ಬೆಳಿಗ್ಗೆ ಅವಳು ಆಲದ ಬೇರಿನ ಮೇಲೆ ಕೂತು ಮೂರು ಬಾಣಗಳನ್ನು ಮುಟ್ಟಿ ಮುಟ್ಟಿ ಸಾಲಾಗಿಟ್ಟುಕೊಂಡಳು.

"ಗಂಟಲು ಸರಿಯಾಗಿದ್ಯಾ?" ಅಂತ ಕೇಳಿದಳು.

"ನಿಮ್ಮಮ್ಮನ ಕೋಳಿ ಸತ್ತಾಗ ಹೇಗಿತ್ತೋ ಹಾಗೇ ಇದೆ."

"ಹೋಗು ಹೋಗು. ಬಾಯಿ ಮಾತ್ರ ಮುಚ್ಚಬೇಡ ಇವತ್ತು." ಮದುವೆಯಾದ ಮೇಲೆ ಆ ಮಾತನ್ನು ಅವಳು ಹೇಳಿದ್ದು ಅದೇ ಮೊದಲು.

ಗುಡ್ಡದ ಮೇಲೆ ನಾಯಿಗಳು ಮೊದಲು ಎಬ್ಬಿಸಿದ್ದು ಹೆಣ್ಣನ್ನು. "ಏ ಮಾಸ್ತರಮ್ಮಾ, ಮಕ್ಕಳನ್ನ ಕಟ್ಕೊಂಡು ಶಾಲೆಗೆ ಹೊರಟ್ಯಾ? ಸಂಬಳ ಬಂತಾ?" ಎಂದು ಕೂಗಿದೆ. ಆಲದ ಕೆಳಗಿನಿಂದ ಬಾಣ ಹಾರಲಿಲ್ಲ. ಮಾಸ್ತರಮ್ಮ ಮರಿಯೊಂದಿಗೆ ದಾಟಿಹೋದಳು. ನನಗೆ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಅವನು ಎದ್ದ. ಅಂಥ ಕೊಂಬನ್ನು ನಾನು ನೋಡಿರಲಿಲ್ಲ. "ಮೇಯರೇ! ಓಟು ಕೇಳೋಕೆ ಮಾತ್ರ ಬರ್ತೀಯಲ್ಲೋ ಕಳ್ಳ! ಹೊಳೆಗೆ ಹೋಗಿ ಮುಖ ತೊಳಿ!" ಅವನು ಹೊಳೆಯ ಕಡೆಗೇ ಧುಮುಕಿದ. ಆಮೇಲೆ ಕಾಣಲೇ ಇಲ್ಲ. ಸದ್ದೂ ಇಲ್ಲ, ಅಲುಗುವ ಎಲೆಯೂ ಇಲ್ಲ. ನಾನು ಹೊಳೆ ಅಂದುಬಿಟ್ಟಿದ್ದೆ, ಅವನು ಎಲ್ಲಿಂದ ಬರುತ್ತಾನೋ ನನಗೇ ಗೊತ್ತಿರಲಿಲ್ಲ. ಕಾಣುವ ಜಾಗ ಸಿಗಲೆಂದು ಇಳಿಜಾರಿನಲ್ಲಿ ಓಡಿದೆ. ಬೆತ್ತದ ಬಳ್ಳಿಗೆ ಕಾಲು ಸಿಕ್ಕಿ ಎದೆ ಅಡಿಯಾಗಿ ಬಿದ್ದೆ. ಎದ್ದಾಗ ಉಸಿರೇ ಇಲ್ಲ, ಇನ್ನು ಕೂಗುವುದೆಲ್ಲಿಂದ! ನಿಲ್ಲಲಾಗದೆ ಪೊದೆ ಮುರಿಯುತ್ತ, ಹೊಳೆಯ ಕಡೆಯಿಂದಲೇ, ಆಲದ ಮುಂದಕ್ಕೆ ಉರುಳಿಕೊಂಡು ಬಂದೆ.

ಇಸ್ಯಾಂಗ್ ಎದ್ದು ನಿಂತಿದ್ದಳು. ಉದ್ದನೆಯ ಮುಳ್ಳಿನ ಬಾಣ, ಮೇಯರನ ಬಾಣ, ನೇರ ನನ್ನ ಎದೆಗೆ. ಬಾಯಿ ತೆರೆದೆ. ಜೀವನವಿಡೀ ಮುಚ್ಚದ ಬಾಯಿಂದ ಆ ಹೊತ್ತಿನಲ್ಲಿ ಒಂದು 'ಹಃ' ಮಾತ್ರ ಬಂತು. ಅವಳ ಕೈ ಜರ್ರನೆ ಅದುರಿತು, ಬಾಣ ಹಾರಿತು. ಕಿವಿಗೆ ಬೆಂಕಿ ಬಿದ್ದಂತಾಯಿತು. ಬೆನ್ನ ಹಿಂದೆ ಏನೋ ಧೊಪ್ಪನೆ ಬಿತ್ತು. ತಿರುಗಿದರೆ ಮೇಯರ್. ನಾಯಿಗಳಿಗೆ ಹೆದರಿ ನನ್ನ ಹಿಂದೆಯೇ ಬಂದವನ ಪಕ್ಕೆಯಲ್ಲಿ ಬಾಣ ನೆಟ್ಟಿತ್ತು.

ಬಿಡಾರದಲ್ಲಿ ಹಬ್ಬವೋ ಹಬ್ಬ. ಗಂಡನ ಕಿವಿ ಸವರಿಕೊಂಡು ಹೋಗಿ ಜಿಂಕೆ ಹೊಡೆಯುವ ಗುರಿ ಯಾರಿಗಿದೆ! ನಾನೂ ಕಿವಿಗೆ ಎಲೆಯಡಿಕೆಯ ರಸ ಮೆತ್ತಿಕೊಂಡು, ಎಲ್ಲ ನಮ್ಮಿಬ್ಬರ ಲೆಕ್ಕಾಚಾರವೇ ಎಂಬಂತೆ ಬೀಗುತ್ತಿದ್ದೆ. ಎಲ್ಮೊ ಮಾಂಸದ ಪಾಲು ತಂದು ಅವಳ ಮುಂದಿಟ್ಟ. "ದೊಡ್ಡಮ್ಮ, ತಪ್ಪಾಯ್ತು. ಆ ಜಾಗ ನಿಂದೇ."

"ಅಲ್ಲ ಕಣೋ" ಅಂದಳು ಇಸ್ಯಾಂಗ್. ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈ ಕಿತ್ತೆಸೆದಳು. "ಜಿಂಕೆ ನಂಗೆ ಕಾಣ್ಲೇ ಇಲ್ಲ. ನಾನು ಗುರಿ ಇಟ್ಟಿದ್ದು ಇವನಿಗೆ. ಮೇಯರ್ ಅಂದ್ಕೊಂಡೆ. 'ಹಃ' ಅಂದಿದ್ದು ಕೇಳಿ ಕೈ ಅದುರಿ ತಪ್ಪಿತು."

ಎಲ್ಲರಿಗಿಂತ ಹಿರಿಯಳಾದ ತಾಲ್ಯ ಅಜ್ಜಿ ಬಾಯಿಯ ಅಡಿಕೆ ಉಗುಳಿ, "ಮೂವತ್ತು ವರ್ಷದಿಂದ ಇವನ್ನ ಹೊಡೀಬೇಕು ಅಂತಿದ್ದೋಳು, ಸಿಕ್ಕಾಗ ತಪ್ಪಿಸ್ದೆಯಲ್ಲೇ!" ಅಂದಳು. ಬಿಡಾರ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಇಸ್ಯಾಂಗ್ ನಗಲಿಲ್ಲ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳ್ದೆ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ಜಿಂಕೆ ತಪ್ಪಿದ್ರೆ ಗೆಣಸು ತಿನ್ಬೋದು. ನೀನು ಹೋದ್ರೆ ಏನ್ ಮಾಡ್ಲಿ?" ಅಂದಳು. ನನ್ನ ಹರಿದ ಕಿವಿಯನ್ನು ಬೆರಳಿನಿಂದ ಹುಡುಕಿ ಮುಟ್ಟಿದಳು. ಆಮೇಲೆ ಅಮ್ಮನಿಂದ ಬಂದ ಬಿಲ್ಲನ್ನು ಎತ್ತಿ ಎಲ್ಮೊನ ಮಡಿಲಲ್ಲಿಟ್ಟಳು. ನಾಯಿಯ ಬಾಲದ ಜಗಳಗಂಟ ಎರಡೂ ಕೈಯಲ್ಲಿ ಅದನ್ನು ಹಿಡಿದು ಕೂತ.

ಮುಂದಿನ ಬೇಟೆಗೆ ಎಲ್ಮೊ ಆಲದ ಕೆಳಗೆ ಕೂತ. ಇಸ್ಯಾಂಗ್ ನನ್ನ ಸೊಂಟದ ದಾರ ಹಿಡಿದು ಗುಡ್ಡ ಹತ್ತಿದಳು, ದಾರಿಯುದ್ದಕ್ಕೂ ನನ್ನ ನಡಿಗೆಯನ್ನು ಹೀಯಾಳಿಸುತ್ತ. ನಾಯಿಗಳು ಬೊಗಳಿದವು. ದೊಡ್ಡ ಕೊಂಬೊಂದು ಪೊದೆಯಿಂದ ಮೇಲೆದ್ದಿತು.

"ಯಾರು?" ಅಂತ ಕೇಳಿದಳು.

"ಮೇಯರ್. ಬಂಡೆ ಕಡೆ."

ಅವಳು ಎದೆ ತುಂಬ ಉಸಿರೆಳೆದುಕೊಂಡಳು. "ಓಡೋ ಮೇಯರೇ, ಬಂಡೆ ಹಿಂದೆ ಅಡಗಿದ್ರೂ ಬಿಡಲ್ಲ! ಇವತ್ತು ಕೆಳಗೆ ಕೂತಿರೋನಿಗೆ ಕಣ್ಣು ಕಾಣತ್ತೆ ಕಣೋ!"

ಕೆಳಗೆ ಯಾರೋ ನಗು ತಡೆದುಕೊಂಡ ಸದ್ದು ಕೇಳಿತು. ಮುಂದಿನ ಬೈಗುಳ ನನ್ನ ಸರದಿ. ಅದನ್ನೂ ಅವಳಿಗೇ ಬಿಟ್ಟುಕೊಟ್ಟೆ.