ಅತ್ತಿಗೆಯ ಹುಬ್ಬು

ಹತ್ತಿಯ ಮೇಲೆ ಹಳದಿ, ಹಳದಿಯೊಳಗೆ ಒಂದು ಎಳೆ ನೀಲಿ, ಇದು ಕೀವಲ್ಲ, ಹಸಿ ಚರ್ಮ ಬಿಡುವ ನೀರು, ಹೀಗೇ ಬರಬೇಕು ಎಂದು ಹಚ್ಚೆ ತೆಗೆಯುವುದನ್ನು ಕಲಿಸಿದ ಮಂಗಳೂರಿನ ಮೇಡಂ ಹೇಳಿದ್ದರು, ಆದರೂ ರಂಜಿತಾಳ ಗಂಟಲಿಗೆ ಬೆಳಿಗ್ಗೆ ತಿಂದ ಕಡುಬು ಎದ್ದು ಬಂತು — ನುಂಗಿಕೊಂಡಳು, ಮಾಸ್ಕ್ ಹಾಕಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಸೊಟ್ಟಗಾದ ತುಟಿ ಕಾಣುತ್ತಿತ್ತು, ಕಾಣುವುದಕ್ಕೆ ಅತ್ತಿಗೆ ಕಣ್ಣು ಬಿಟ್ಟಿದ್ದರೆ ತಾನೆ, ಅವರು ವಾಲಿಸಿದ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಲಗಿದ್ದಾರೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಬಣಕಲ್ಲಿನ ಹೆದ್ದಾರಿ ಬದಿಯ ಮಹಡಿಯ ಈ ಪಾರ್ಲರಿಗೆ ಭಾನುವಾರ ಗಿರಾಕಿಗಳು ಬರುವುದು ಹನ್ನೊಂದರ ಮೇಲೆ, ಅದಕ್ಕೇ ಬಾಳೂರಿನಿಂದ ಮೊದಲ ಬಸ್ಸಿಗೆ ಬನ್ನಿ ಎಂದದ್ದು, ಯಾರೂ ನೋಡಬಾರದು — ಅತ್ತಿಗೆಯನ್ನು ನೋಡಬಾರದೋ ತನ್ನನ್ನೋ, ಅದು ಬೇರೆ ಮಾತು. ಕಿಟಕಿ ಮುಚ್ಚಿದ್ದರೂ ಹಿಂದಿನ ಎಸ್ಟೇಟಿನ ಪಲ್ಪರ್ ಗುಂಡಿಯ ವಾಸನೆ ಒಳಗೇ ಇದೆ, ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳಿಯೆದ್ದ ವಾಸನೆ, ಅದರ ಮೇಲೆ ಸ್ಪಿರಿಟ್ಟು, ಅದರ ಮೇಲೆ ಈ ಹಸಿ ಗಾಯದ ತುಕ್ಕು ಕಬ್ಬಿಣದಂಥ ವಾಸನೆ, ಮೂರೂ ಸೇರಿ ನಾಲಿಗೆಯ ಬುಡದಲ್ಲಿ ಕೂತಿವೆ. ಸೂಜಿಯನ್ನು ಮತ್ತೆ ಉಪ್ಪುನೀರಿಗೆ ಅದ್ದಿದಳು. ಬಣ್ಣವಿಲ್ಲದ ಸೂಜಿ ಇದು, ಹುಬ್ಬಿನ ಹಚ್ಚೆಯ ಮೇಲೆ ಒಂದೊಂದೇ ಚುಕ್ಕಿ ಇಡುತ್ತಾ ಹೋಗಬೇಕು, ಒಳಗೆ ಇಳಿದ ಉಪ್ಪು ಹಳೆಯ ಬಣ್ಣವನ್ನು ಮೇಲಕ್ಕೆ ಎಳೆಯಬೇಕು, ಹಕ್ಕಳೆ ಕಟ್ಟಬೇಕು, ಹಕ್ಕಳೆ ತಾನಾಗಿ ಉದುರುವಾಗ ಬಣ್ಣವನ್ನೂ ಕಚ್ಚಿಕೊಂಡು ಹೋಗಬೇಕು, ಎರಡು ತಿಂಗಳು ಬಿಟ್ಟು ಮತ್ತೆ ಅದೇ, ಇವತ್ತಿನದು ಮೂರನೆಯ ಸಲ. ಮಳೆಗಾಲದಲ್ಲಿ ಶಾಲೆಗೆ ಹೊರಟಾಗ ಅಮ್ಮ ಬಟ್ಟೆಯ ಚೂರಿನಲ್ಲಿ ಉಪ್ಪು ಕಟ್ಟಿ ಕೊಡುತ್ತಿದ್ದರು, ಕಾಲಿಗೆ ಕಚ್ಚಿದ ಇಂಬಳಕ್ಕೆ ಒತ್ತಲು, ಉಪ್ಪು ತಾಗಿದ್ದೇ ತಡ ಅದು ಕುಡಿದದ್ದನ್ನೆಲ್ಲ ಕಾರಿ ಬಿದ್ದುಹೋಗುತ್ತಿತ್ತು — ಇಂಬಳವಾದರೂ ತಾನಾಗಿ ಹತ್ತಿದ್ದು, ಇದನ್ನು ಕೂತು ಹತ್ತಿಸಿದವಳು ತಾನು.

ಏಳು ವರ್ಷ. ಚಿಕ್ಕಮಗಳೂರಿನ ಒಂದು ಲಾಡ್ಜಿನ ಹಾಲಿನಲ್ಲಿ ಹುಬ್ಬಿಗೆ ಹಚ್ಚೆ ಹಾಕುವ ಎರಡು ದಿನದ ತರಬೇತಿ, ಮೊದಲ ದಿನ ರಬ್ಬರಿನ ಹಾಳೆಯ ಮೇಲೆ ಹುಬ್ಬು ಕೊರೆದದ್ದು, ಎರಡನೆಯ ದಿನ ಒಬ್ಬ ನಿಜವಾದ ಹೆಂಗಸು ಬೇಕು, ಯಾರಾದರೂ ನಿಮ್ಮ ಕಡೆಯವರನ್ನು ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ ಎಂದಳು ಆ ಟ್ರೈನರ್, ಬಾಯಲ್ಲಿ ಸದಾ ಏಲಕ್ಕಿ. ರಂಜಿತಾ ಯಾರನ್ನು ಕೇಳಿದರೂ ಮುಖ ತಾನೆ ಮಾರಾಯ್ತಿ ಅಂದವರೇ, ಕೊನೆಗೆ ಅಣ್ಣ ಉಮೇಶನ ಮನೆಯ ಜಗಲಿಯಲ್ಲಿ ಕೂತು ಅತ್ತದ್ದು, ಅತ್ತದ್ದು ನಿಜವಾಗಿಯೋ ಅತ್ತರೆ ಯಾರಾದರೂ ಬರುತ್ತಾರೆ ಎಂದೋ, ಈಗ ಗೊತ್ತಾಗುವುದಿಲ್ಲ, ಒಳಗೆ ರಾಗಿ ಕೇರುತ್ತಿದ್ದ ಅತ್ತಿಗೆ ಮೊರ ಕೆಳಗಿಟ್ಟು ಬಂದು ನಾ ಬರ್ತೀನಿ ಬಿಡು ಅಂದರು, ಅಷ್ಟೇ, ಯಾವ ಬಣ್ಣ, ನೋವಾಗುತ್ತಾ, ಎಷ್ಟು ವರ್ಷ ಇರುತ್ತೆ, ಒಂದನ್ನೂ ಕೇಳಲಿಲ್ಲ. ಅಂಗನವಾಡಿ ಟೀಚರ್ ರೇವತಿ, ತಲೆಗೆ ಹರಳೆಣ್ಣೆ ಬಿಟ್ಟು ಬೇರೇನೂ ಹಚ್ಚದವರು, ಅವರಿಗೆ ಎಂತಕ್ಕೆ ಹುಬ್ಬು ಬೇಕಿತ್ತು — ಅವರಿಗಿದ್ದ ಹುಬ್ಬು ಚೆನ್ನಾಗಿಯೇ ಇತ್ತು, ಸ್ವಲ್ಪ ತೆಳು, ಅಷ್ಟೇ. ಮೊದಲ ವಾರ ಚಂದ ಕಂಡಿತು, ಆಗ ತೆಗೆದ ಫೋಟೋವನ್ನೇ ದೊಡ್ಡದು ಮಾಡಿಸಿ ಕೆಳಗಿನ ಬೋರ್ಡಿಗೆ ಹಾಕಿಸಿದ್ದು, ಬರೀ ಹುಬ್ಬು ಮತ್ತು ಮುಚ್ಚಿದ ಕಣ್ಣು, ಇವತ್ತಿಗೂ ಬಣಕಲ್ಲಿನಲ್ಲಿ ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವುದು ಅದು. ವರ್ಷ ತಿರುಗುವುದರೊಳಗೆ ಕಂದು ಹೋಗಿ ಬೂದಿ, ಬೂದಿ ಹೋಗಿ ನೀಲಿ, ಹುಬ್ಬಿನ ಜಾಗ ದಾಟಿ ಅರ್ಧ ಬೆರಳು ಮೇಲಕ್ಕೆ ಎದ್ದ ಎರಡು ನೀಲಿ ಕಮಾನು, ಅಂಗನವಾಡಿಯ ಮಕ್ಕಳು ಟೀಚರ್ ಯಾಕೆ ಹೆದ್ರಿದೀರಿ ಅಂತ ಕೇಳುತ್ತಿದ್ದವಂತೆ, ಅತ್ತಿಗೆ ನಗುತ್ತಲೇ ಹೇಳಿದ್ದು. ಆಗ ತಾನು ಮಾಡಿದ್ದು ಇನ್ನೂ ಹೊಲಸು ಕೆಲಸ, ತಪ್ಪಾಯಿತು ಅನ್ನುವ ಬದಲು ಸರಿಮಾಡ್ತೀನಿ ಅಂದು ಚರ್ಮದ ಬಣ್ಣದ ಇಂಕು ತರಿಸಿ ನೀಲಿಯ ಮೇಲೆಯೇ ಚುಚ್ಚಿದ್ದು, ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ, ಅದೂ ಆರು ತಿಂಗಳಿಗೆ ಸಾಸಿವೆ ಹಳದಿಗೆ ತಿರುಗಿತು. ಆ ಸುಣ್ಣದಿಂದಲೇ ಲೇಸರ್ ಕೂಡ ಆಗುವುದಿಲ್ಲ, ಹಾಸನದ ಚರ್ಮದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಮೇಲೆ ತಿಳಿ ಬಣ್ಣ ಹಾಕಿದ್ದಾರೆ, ಲೇಸರ್ ತಾಗಿದರೆ ಅದು ಕಪ್ಪಾಗಿ ನಿಂತುಬಿಡಬಹುದು, ಯಾರಮ್ಮ ಇದನ್ನು ಮಾಡಿದ್ದು ಅಂದರು, ಪಕ್ಕದ ಕುರ್ಚಿಯಲ್ಲಿ ತಾನೇ ಕೂತಿದ್ದಳಲ್ಲ, ಮಡಿಲಲ್ಲಿ ಅತ್ತಿಗೆಯ ಬ್ಯಾಗು, ಅತ್ತಿಗೆ ಯಾರೋ ಬೆಂಗ್ಳೂರಿನವ್ರು ಸಾರ್ ಅಂದರು. ಎಷ್ಟು ಸಲೀಸಾಗಿ ಅಂದರು. ಅವತ್ತು ಆಸ್ಪತ್ರೆಯ ನಲ್ಲಿಯಲ್ಲಿ ಕೈ ತೊಳೆದೇ ತೊಳೆದಳು ರಂಜಿತಾ, ಸೋಪು ಮುಗಿಯುವಷ್ಟು.

ಎಡ ಹುಬ್ಬು ಆಯಿತು, ಉಪ್ಪಿನ ಹತ್ತಿ ಇಟ್ಟು ಹತ್ತು ನಿಮಿಷ ಬಿಡಬೇಕು, ಬಲದ್ದಕ್ಕೆ ಬಂದಳು. ಬಲ ಹುಬ್ಬಿನ ತುದಿಯ ಕಡೆ ಚರ್ಮ ಹೊಳೆಯುತ್ತದೆ, ಬೆಂದು ಮಾಗಿದ್ದು, ಅಲ್ಲಿ ಸೂಜಿ ಇಡುವ ಹಾಗಿಲ್ಲ, ಅದು ಉಮೇಶಣ್ಣನ ಕೃಪೆ — ಮೊಬೈಲಿನಲ್ಲಿ ನೋಡಿ ತರಿಸಿದ ಒಂದು ಕ್ರೀಮು, ಟ್ಯಾಟೂ ಅಳಿಸುತ್ತದಂತೆ, ಮೂಗಿಗೆ ಹಿಡಿದರೆ ಬಾತ್ರೂಮು ತೊಳೆಯುವ ಆಸಿಡ್ಡು, ಅದನ್ನು ಹಚ್ಚಿಸಿ ಅರ್ಧ ಗಂಟೆ ಕೂರಿಸಿದ್ದಾನೆ ಪುಣ್ಯಾತ್ಮ, ಬೊಬ್ಬೆ ಎದ್ದು ಒಡೆದು ನೀರು ಇಳಿದ ಮೇಲೆ ಊಟಕ್ಕೆ ಕೂತಾಗ ಆ ಕಡೆ ತಿರುಗಿ ಕೂತ್ಕೊ, ಅನ್ನ ಇಳಿಯೋದಿಲ್ಲ ಅಂದನಂತೆ. ಜೀಪಿನ ಅಡಿಯಲ್ಲಿ ಮಲಗಿ ಗ್ರೀಸು ಮೆತ್ತಿದ ಕೈಯಲ್ಲೇ ರೊಟ್ಟಿ ಮುರಿಯುವವನಿಗೆ ಇದು ಅಸಹ್ಯ. ರಂಜಿತಾಳಿಗೆ ಅಣ್ಣನ ಮೇಲೆ ಹೇಸಿಗೆ ಉಕ್ಕಿತು, ಉಕ್ಕಿ ಅರ್ಧಕ್ಕೇ ನಿಂತಿತು, ತಾನು ಈಗ ಉಸಿರು ಬಿಗಿಹಿಡಿದು ಬಗ್ಗಿರುವುದು ಯಾವ ಮುಖಕ್ಕೆ, ತನಗೂ ಅನ್ನ ಇಳಿಯುವುದಿಲ್ಲವಲ್ಲ. ಕಳೆದ ಸಲ ಅತ್ತಿಗೆ ಹಕ್ಕಳೆಗಳನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ತಂದಿದ್ದರು, ಇದೇ ಮೇಜಿನ ಮೇಲೆ ಬಿಚ್ಚಿಟ್ಟು, ನೋಡು ರಂಜಿ, ಅಡಿಯಲ್ಲಿ ನೀಲಿ ಬಂದಿದೆ ಅಲ್ವಾ, ಹೋಗ್ತಾ ಇದೆ ಅಲ್ವಾ ಅಂದರು, ಒಣಗಿದ ಇರುವೆಗಳ ಹಾಗೆ ಸುರುಟಿದ ಚೂರುಗಳು, ಒಂದಕ್ಕೆ ಕೂದಲಷ್ಟು ಸಪೂರ ರಕ್ತದ ಗೆರೆ, ಹೂಂ ಹೋಗ್ತಾ ಇದೆ ಅತ್ತಿಗೆ ಅಂದು ಹಾಳೆ ಮಡಚಿ ಕಸದ ಬುಟ್ಟಿಗೆ ಹಾಕಿ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಅತ್ತಿಗೆಗೆ ಕೇಳಿಸಿರಬೇಕು, ಗೋಡೆ ಪ್ಲೈವುಡ್ಡಿನದು. ಇಷ್ಟಾದರೂ ಅತ್ತಿಗೆ ತೆಗೆಸಿಕೊಳ್ಳಲು ಬಂದದ್ದು ಮಕ್ಕಳ ಮಾತಿಗಲ್ಲ, ಗಂಡನ ಮಾತಿಗಲ್ಲ, ಹೋದ ವರ್ಷ ಕಳಸದಲ್ಲಿ ಅವರ ಅಮ್ಮ ಸಿದ್ದಮ್ಮ ತೀರಿಕೊಂಡಾಗ ಹೆಣದ ಪಕ್ಕ ಕೂತು ಅತ್ತರಲ್ಲ, ಎದೆ ಒಡೆದು ಅತ್ತರು, ಆದರೆ ಹುಬ್ಬು ಅಳಲಿಲ್ಲ, ಎರಡೂ ಮೇಲೇ ಇದ್ದವು, ಏನೋ ತಮಾಷೆ ಕೇಳಿ ಬೆರಗಾದವರ ಹಾಗೆ, ಬಾಗಿಲ ಹತ್ತಿರ ಒಬ್ಬಳು ಇನ್ನೊಬ್ಬಳಿಗೆ, ಮಗಳು ನಾಟಕದವಳ ಹಾಗೆ ಮುಖ ಬರ್ಸ್ಕೊಂಡು ಬಂದಿದಾಳೆ ಅಂದದ್ದು ರಂಜಿತಾಳಿಗೂ ಕೇಳಿತು, ಅತ್ತಿಗೆ ಆಮೇಲೆ ಸೆರಗು ಹಣೆಯವರೆಗೆ ಎಳೆದುಕೊಂಡೇ ಕೂತರು, ಮೂರು ದಿನವೂ, ಸ್ನಾನಕ್ಕೆ ಎದ್ದಾಗಲೂ.

ಸೂಜಿ ಗುಂಯ್ ಎನ್ನುತ್ತದೆ, ಕೈಗವಸಿನ ಒಳಗೆ ಬೆವರು, ಬೆರಳುಗಳು ಬೇಯಿಸಿದ ಗೆಣಸಿನಂತೆ ಮೆತ್ತಗಾಗಿವೆ, ಹಳದಿ ನೀರು ಕಿವಿಯ ಕಡೆ ಇಳಿಯುತ್ತಿದೆ, ಒರೆಸಬೇಕು, ಒರೆಸಿದಳು, ಆಗ ಅತ್ತಿಗೆ ಕಣ್ಣು ತೆರೆಯದೆ, ರಂಜಿ, ಅವತ್ತು ನಾನು ಸಾಕು ಅಂದಿದ್ದೆ ಅಂದರು. ಮೆಲ್ಲಗೆ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗೆ. ಸೂಜಿ ಎತ್ತಿ ಹಿಡಿದಳು ರಂಜಿತಾ. ಹೌದು ಅಂದಿದ್ದರು, ಲಾಡ್ಜಿನ ಹಾಲಿನಲ್ಲಿ, ಎಡಗಡೆಯದು ಅರ್ಧ ಆಗಿತ್ತು, ಸಾಕು ರಂಜಿ, ಉರಿ ತಡೆಯೋಕಾಗಲ್ಲ, ಬೇಡ, ಸಾಕು — ಎರಡು ಸಲ, ಮಂಚದ ಅಂಚನ್ನು ಹಿಡಿದುಕೊಂಡಿದ್ದರು, ಬೆರಳ ಗೆಣ್ಣು ಬೆಳ್ಳಗಾಗಿತ್ತು, ಟ್ರೈನರ್ ಹಿಂದೆ ನಿಂತು ಏಲಕ್ಕಿ ಜಗಿಯುತ್ತಾ ನೋಡುತ್ತಿದ್ದಳು, ನಿಲ್ಲಿಸಿದರೆ ಫೇಲು, ಆ ಒಂದು ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಬೇಕಿತ್ತು, ಸೂಜಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದುಕೊಂಡಳು, ಕೇಳಿಸುತ್ತಿರುವಾಗಲೇ ಕೇಳಿಸಲಿಲ್ಲ ಎಂದುಕೊಂಡಳು, ಆಮೇಲೆ ಗಿರಾಕಿಗಳಿಗೆಲ್ಲ ನಮ್ಮತ್ತಿಗೆ ತಾವೇ ಆಸೆಪಟ್ಟು ಮಾಡಿಸ್ಕೊಂಡ್ರು ಅಂತ ಹೇಳಿಹೇಳಿ ಅದೇ ನಿಜವಾಗಿತ್ತು, ಎಷ್ಟು ಜನರಿಗೆ ಹೇಳಿದಳು, ಎಷ್ಟು ಮುಖಗಳು ಈ ಕುರ್ಚಿಯಲ್ಲಿ ವಾಲಿದವು, ಅವರೆಲ್ಲರ ಹುಬ್ಬೂ ಈಗ ಎಲ್ಲೋ ಒಂದೊಂದು ಮನೆಯ ಕನ್ನಡಿಯಲ್ಲಿ ನೀಲಿಗೆ ತಿರುಗುತ್ತಿರಬೇಕು. ಈಗಲೂ ಹಾಗೇ ಅಂದುಬಿಡಬಹುದು, ಹೌದಾ ಅತ್ತಿಗೆ, ಮಿಷನ್ ಸದ್ದಲ್ಲಿ ಗೊತ್ತಾಗಲಿಲ್ಲ — ಬಾಯಿಯವರೆಗೆ ಬಂತು ಆ ಮಾತು, ಬೆಳಗಿನ ಕಡುಬಿನ ಹಾಗೆ ಹುಳಿಹುಳಿಯಾಗಿ, ಅದನ್ನು ನುಂಗಲು ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮಾಸ್ಕ್ ಕೆಳಗೆಳೆದಳು. ಕೇಳಿತ್ತು ಅತ್ತಿಗೆ, ಅಂದಳು.

ಕೆಳಗೆ ಧರ್ಮಸ್ಥಳದ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಹ್ಞಾ, ಕೇಳಿರುತ್ತೆ ಅಂತ ಗೊತ್ತಿತ್ತು, ನೀನಾಗಿ ಹೇಳ್ತೀಯಾ ಅಂತ ಏಳು ವರ್ಷ ನೋಡ್ದೆ ಅಂದರು ಅತ್ತಿಗೆ. ಆಮೇಲೆ, ಕೆಳಗಿನ ಬೋರ್ಡು ತೆಗ್ಸು, ಬಸ್ಸಿಳಿದಾಗೆಲ್ಲ ನನ್ನನ್ನೇ ನಾನು ನೋಡಿದ ಹಾಗಾಗುತ್ತೆ, ಅಷ್ಟು ಮಾಡು ಅಂದರು. ಇವತ್ತೇ ತೆಗೆಸ್ತೀನಿ ಅಂದಳು ರಂಜಿತಾ, ಕ್ಷಮಿಸಿ ಅನ್ನಲು ಹೊರಟವಳು ಆ ಮಾತಿನ ರುಚಿಗೇ ಹೇಸಿ ಬಿಟ್ಟಳು, ಏಳು ವರ್ಷದ ಮೇಲೆ ಅದನ್ನು ಯಾರ ಬಾಯಿಗೆ ಇಡುವುದು, ಅತ್ತಿಗೆ ಅದನ್ನು ಬಯಸಿಯೂ ಇಲ್ಲ, ಎಡದ ಹತ್ತಿ ತೆಗೆ, ಉರಿತಾ ಇದೆ ಎಂದಷ್ಟೇ ಅಂದರು. ತೆಗೆದಳು. ಅಂಟಿಕೊಂಡಿದ್ದ ಹತ್ತಿ ಎಳೆ ಎಳೆಯಾಗಿ ಬಿಟ್ಟಿತು, ಅಡಿಯಲ್ಲಿ ಕೆಂಪು, ತೊಗಲು ಸುಲಿದ ಕೆಂಪು, ಸಾಸಿವೆ ಹಳದಿ ಹೋಗಿದೆ, ನೀಲಿಯೂ ಮಸುಕು ಮಸುಕು, ಕೆಲಸ ಮಾಡಿದೆ ಉಪ್ಪು, ದೀಪ ಹತ್ತಿರ ಎಳೆದುಕೊಂಡು ಬಗ್ಗಿದಳು, ಆ ಕೆಂಪಿನ ಮಧ್ಯೆ ಒಂದು ಕೂದಲು. ಒಂದೇ. ಬಿಳಿ. ಎಲ್ಲಿಂದ ಬಂತು, ಅವತ್ತು ಇದ್ದ ಹುಬ್ಬನ್ನೆಲ್ಲ ಬ್ಲೇಡಿನಲ್ಲಿ ಬೋಳಿಸಿದ ಮೇಲೇ ಬಣ್ಣ ಹಾಕಿದ್ದು, ಆಮೇಲೆ ಬೆಳೆದದ್ದನ್ನು ಬೋರ್ಡಿನ ಚಿತ್ರಕ್ಕೆ ಸರಿಹೊಂದಲೆಂದು ತಿಂಗಳು ತಿಂಗಳೂ ತಾನೇ ಕಿತ್ತದ್ದು, ಕಪ್ಪಗಿದ್ದವು ಅವು, ಎಲ್ಲ ಕಪ್ಪಗಿದ್ದವು, ಬುಡವೇ ಸತ್ತಿತು ಎಂದುಕೊಂಡಿದ್ದಳು, ಸತ್ತಿಲ್ಲ, ಅಷ್ಟು ಬಣ್ಣದ ಅಡಿಯಲ್ಲಿ, ಅಷ್ಟು ಸುಣ್ಣದ ಅಡಿಯಲ್ಲಿ ಒಂದು ಉಳಿದುಕೊಂಡು ಒಳಗೇ ಮುದಿಯಾಗಿ ಈಗ ಹೊರಗೆ ಬಂದಿದೆ, ಹಸಿ ಕೆಂಪಿನಲ್ಲಿ ಒದ್ದೆಯಾಗಿ ಅಡ್ಡ ಮಲಗಿದೆ, ಎಂತ ನೋಡ್ತಾ ಇದೀಯ ಎಂದು ಅತ್ತಿಗೆ ಕೇಳುತ್ತಿದ್ದಾರೆ, ಹೇಳಬೇಕು, ಹೇಳುತ್ತಾಳೆ, ಈಗ ಹೇಳುತ್ತಾಳೆ, ಬಿಳಿ ಕೂದಲು — ಆದರೆ ಕೈ, ಇದೇ ಕೈ, ಯಾರೂ ಹೇಳದೆ, ತನ್ನಷ್ಟಕ್ಕೆ, ಟ್ರೇಯಿಂದ ಚಿಮುಟ ಎತ್ತಿಕೊಂಡು ಬರುತ್ತಿದೆ, ಆ ಒಂದು ಬಿಳಿ ಕೂದಲಿನ ಕಡೆಗೆ, ಚಿಮುಟ, ಬಿಳಿ ಕೂದಲು, ಚಿಮುಟ